ನೆಟ್ ಇದೆ, ಸೈಟ್ ಓಪನ್ ಆಗಲ್ಲ: ಗೋಡೆ ಸ್ವಿಚ್, ಬಟನ್ ಸೆಲ್ ಮತ್ತೆ ಲಿನಕ್ಸ್ ಗಡಿಯಾರ

ಪ್ರಶ್ನೆ: ನಮಸ್ಕಾರ ಸಾರ್. ನಾನು ಹೈಸ್ಕೂಲ್ ಮೇಷ್ಟ್ರು, ಸಾಗರದ ಹತ್ರ ಒಂದು ಹಳ್ಳೀಲಿ ಇದೀನಿ. ವಿಂಡೋಸ್ 10ಗೆ ಇನ್ಮೇಲೆ ಅಪ್‌ಡೇಟ್ ಬರಲ್ಲ ಅಂದಾಗ ಮನೇಲಿರೋ ಹಳೇ ಡೆಸ್ಕ್‌ಟಾಪ್‌ಗೆ ಮಗಳ ಕೈಲಿ ಲಿನಕ್ಸ್ ಮಿಂಟ್ 22 ಹಾಕಿಸ್ದೆ, ನುಡಿ ಸಾಫ್ಟ್‌ವೇರ್‌ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಇರೋದ್ರಿಂದ ವಿಂಡೋಸ್‌ನೂ ಪಕ್ಕದಲ್ಲೇ ಉಳಿಸ್ಕೊಂಡಿದೀವಿ. ಈಗ ತೊಂದ್ರೆ ಏನಂದ್ರೆ ಬೆಳಿಗ್ಗೆ ಮಿಂಟ್ ಆನ್ ಮಾಡಿದ್ರೆ ವೈಫೈ ಕನೆಕ್ಟ್ ಆಗಿದೆ ಅಂತ್ಲೇ ತೋರ್ಸುತ್ತೆ ಆದ್ರೆ ಗೂಗಲ್, ಯೂಟ್ಯೂಬ್ ಓಪನ್ ಆಗಲ್ಲ, ಕೆಲವು ಸೈಟ್ ಮಾತ್ರ ಓಪನ್ ಆಗ್ತವೆ. ಅಪ್‌ಡೇಟ್ ಕೊಟ್ರೆ ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಆಗಿಲ್ಲ ಅಂತ ಬರುತ್ತೆ. ತಾರೀಕು ನೋಡಿದ್ರೆ ನಾಲ್ಕು ತಿಂಗಳ ಹಿಂದಿನದು, ದಿನಾ ಬೆಳಿಗ್ಗೆ ಅದೇ ತಾರೀಕು! ವಿಂಡೋಸ್‌ಗೆ ಹೋದ್ರೆ 2012 ಜನವರಿ 1. ವಿಂಡೋಸ್‌ಲಿ ಟೈಮ್ ಸರಿ ಮಾಡಿ ರೀಸ್ಟಾರ್ಟ್ ಕೊಟ್ಟು ಮಿಂಟ್‌ಗೆ ಬಂದ್ರೆ ಐದೂವರೆ ಗಂಟೆ ಮುಂದೆ ಇರುತ್ತೆ. ಈ ಕಾಟ ತಡೀಲಾರ್ದೆ ಮಿಂಟ್‌ಲಿ ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ ಕೈಯಲ್ಲೇ ಸೆಟ್ ಮಾಡ್ತಿದೀನಿ. ಪೇಟೆಯಲ್ಲಿ ಅಂಗಡಿಯವ್ರು ವೈಫೈ ಡಾಂಗಲ್ ಹೋಗಿದೆ ಅಂತ ಹೊಸದು ಕೊಟ್ರು, ಅದ್ರಲ್ಲೂ ಹಾಗೇ. ಲಿನಕ್ಸ್ ತೆಗೆದುಬಿಡ್ಲಾ?

ಉತ್ತರ:

ಮೇಷ್ಟ್ರೇ ನಮಸ್ಕಾರ. ಲಿನಕ್ಸ್ ತೆಗೀಬೇಡಿ, ಡಾಂಗಲ್‌ದೂ ತಪ್ಪಿಲ್ಲ, ನಿಮ್ಮ ನೆಟ್ ಚೆನ್ನಾಗೇ ಇದೆ. ನೀವು ಬರೆದಿರೋದ್ರಲ್ಲೇ ಅದಕ್ಕೆ ಸಾಕ್ಷಿ ಇದೆ. ಅಪ್‌ಡೇಟ್ ಕೊಟ್ಟಾಗ ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಆಗಿಲ್ಲ ಅಂತ ಬಂತು ಅಂದ್ರಲ್ಲ, ಅದು ಬರ್ಬೇಕಾದ್ರೆ ನಿಮ್ಮ ಕಂಪ್ಯೂಟರ್ ಸರ್ವರ್‌ವರೆಗೂ ಹೋಗಿ ಆ ಫೈಲ್ ಇಳಿಸ್ಕೊಂಡು ಅದರೊಳಗಿನ ತಾರೀಕು ಓದಿ, ಅಯ್ಯೋ ಇದು ಮುಂದಿನ ತಾರೀಕಿನದಲ್ಲ, ನಾನು ನಂಬಲ್ಲ ಅಂತ ಹೇಳಿರ್ಬೇಕು. ನೆಟ್ ಇಲ್ದೇ ಇದ್ರೆ ಅಷ್ಟು ದೂರ ಹೋಗೋಕೇ ಆಗ್ತಿರ್ಲಿಲ್ಲ, ಕನೆಕ್ಟ್ ಆಗ್ಲಿಲ್ಲ ಅಂತ ಮೊದಲ ಸಾಲಲ್ಲೇ ನಿಂತೋಗ್ತಿತ್ತು. ಆ ಮೆಸೇಜನ್ನ ಪೂರ್ತಿ ಓದಿ ನೋಡಿ, ಕೊನೇಲಿ ಇನ್ನೂ ಇಷ್ಟು ದಿನ ಇಷ್ಟು ಗಂಟೆ ಇಷ್ಟು ನಿಮಿಷ ಅಂತ ಲೆಕ್ಕಾನೂ ಕೊಟ್ಟಿರುತ್ತೆ, ಕಡಿಮೆ ಅಂದ್ರೂ ಅಷ್ಟು ನಿಮ್ಮ ಗಡಿಯಾರ ಹಿಂದೆ ಇದೆ ಅಂತ ಅರ್ಥ.

ನಿಮ್ಮದ್ರಲ್ಲಿ ಒಂದರ ಮೇಲೊಂದು ಮೂರು ತೊಂದ್ರೆ ಕೂತಿವೆ, ಅದಕ್ಕೇ ಒಗಟಿನ ಥರ ಕಾಣ್ತಿದೆ. ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತಿದೆ. ವಿಂಡೋಸ್ ಮತ್ತೆ ಲಿನಕ್ಸ್ ಒಂದೇ ಗಡಿಯಾರವನ್ನ ಎರಡು ಥರ ಓದ್ತಿವೆ. ಇವೆರಡರ ಕಾಟಕ್ಕೆ ನೀವು ಆಟೋಮ್ಯಾಟಿಕ್ ಆಫ್ ಮಾಡಿದ್ರಿ ನೋಡಿ, ತನ್ನಷ್ಟಕ್ಕೆ ತಾನೇ ಸರಿ ಹೋಗೋ ದಾರಿ ಅಲ್ಲಿಗೆ ಮುಚ್ಚಿಹೋಯ್ತು. ಬೈತಿಲ್ಲ, ನಿಮ್ಮ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು.

ಮೊದ್ಲು ಸೆಲ್‌ನಿಂದ ಶುರು ಮಾಡೋಣ. ಕಂಪ್ಯೂಟರ್ ಒಳಗೆ ಎರಡು ಗಡಿಯಾರ ಇರ್ತವೆ. ಒಂದು ಬೋರ್ಡ್ ಮೇಲಿನ ಆರ್‌ಟಿಸಿ, ಅಂದ್ರೆ ಹಾರ್ಡ್‌ವೇರ್ ಗಡಿಯಾರ, ಇದು ಕಂಪ್ಯೂಟರ್ ಆಫ್ ಇದ್ದಾಗ್ಲೂ ಓಡ್ಬೇಕು. ಇದರೊಳಗೆ ಕೈಗಡಿಯಾರದಲ್ಲಿರೋ ಥರದ್ದೇ ಒಂದು ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32768 ಸಲ ಮಿಡಿಯುತ್ತೆ, ಅಂದ್ರೆ ಎರಡನ್ನ ಹದಿನೈದು ಸಲ ಗುಣಿಸಿದ್ರೆ ಬರೋ ಸಂಖ್ಯೆ, ಹದಿನೈದು ಸಲ ಅರ್ಧ ಮಾಡ್ಕೊಂಡು ಬಂದ್ರೆ ಸರಿಯಾಗಿ ಒಂದು ಸೆಕೆಂಡು. ಇನ್ನೊಂದು ಸಿಸ್ಟಮ್ ಗಡಿಯಾರ, ಅದು ಕರ್ನಲ್, ಅಂದ್ರೆ ಲಿನಕ್ಸ್‌ನ ತಿರುಳು, ಮೆಮೊರೀಲಿ ಎಣಿಸ್ಕೊಂಡು ಹೋಗೋದು. ಬೂಟ್ ಆಗುವಾಗ ಕರ್ನಲ್ ಆರ್‌ಟಿಸಿನ ಒಂದ್ಸಲ ನೋಡಿ ಟೈಮ್ ತಗೊಳ್ಳುತ್ತೆ, ಆಮೇಲೆ ತನ್ನ ಪಾಡಿಗೆ ಎಣಿಸುತ್ತೆ.

ಆರ್‌ಟಿಸಿ ಓಡೋಕೆ ಕರೆಂಟ್ ಬೇಕಲ್ಲ, ಡೆಸ್ಕ್‌ಟಾಪ್ ಶಟ್‌ಡೌನ್ ಮಾಡಿದ್ರೂ ಗೋಡೆ ಸ್ವಿಚ್ ಆನ್ ಇದ್ರೆ ಎಸ್‌ಎಂಪಿಎಸ್‌ನಿಂದ, ಅಂದ್ರೆ ಒಳಗಿನ ಪವರ್ ಸಪ್ಲೈನಿಂದ, 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಲೈನ್ ಬರ್ತಾ ಇರುತ್ತೆ, ಅದ್ರಲ್ಲೇ ಆರ್‌ಟಿಸಿ ಬದುಕಿರುತ್ತೆ. ಗೋಡೆ ಸ್ವಿಚ್ ಆಫ್ ಮಾಡಿದ್ರೆ, ಇಲ್ಲಾ ಕರೆಂಟ್ ಹೋದ್ರೆ, ಆಗ ಮಾತ್ರ ಸೆಲ್ ಕೆಲಸ. ನಮ್ಮ ಮನೆಗಳಲ್ಲಿ ರಾತ್ರಿ ಮಲಗೋ ಮುಂಚೆ ಎಲ್ಲಾ ಸ್ವಿಚ್ ಆಫ್ ಮಾಡೋದು ಅಭ್ಯಾಸ, ಮಲೆನಾಡಲ್ಲಿ ಸಿಡಿಲು ಮಳೆ ಇರೋ ಕಡೆ ಪ್ಲಗ್ಗೇ ಕಿತ್ತಿಡ್ತೀವಿ, ಅದು ಒಳ್ಳೇದೂ ಹೌದು. ಹಂಗಾಗಿ ಸತ್ತ ಸೆಲ್ ನಿಮಗೆ ದಿನಾ ಬೆಳಿಗ್ಗೆ ಕಾಣಿಸ್ತಿದೆ. ಹಗಲಲ್ಲಿ ರೀಸ್ಟಾರ್ಟ್ ಮಾಡಿದ್ರೆ ತಾರೀಕು ಹೋಗಲ್ಲ, ಐದೂವರೆ ಗಂಟೆ ಮಾತ್ರ ಹೆಚ್ಚುಕಮ್ಮಿ ಆಗುತ್ತೆ ಅಂತ ನೀವೇ ಬರೆದಿದೀರಲ್ಲ, ಅದಕ್ಕೆ ಕಾರಣ ಇದೇ. ವಿಂಡೋಸ್‌ಲಿ ಕಾಣೋ 2012 ಜನವರಿ 1 ಅನ್ನೋದು ಬೋರ್ಡ್ ಮಾಡಿದವ್ರು ಬಯಾಸ್‌ಗೆ, ಅಂದ್ರೆ ಕಂಪ್ಯೂಟರ್‌ನ ಮೊದ್ಲು ಎಬ್ಬಿಸೋ ಬೋರ್ಡಿನದೇ ಪ್ರೋಗ್ರಾಂಗೆ, ತುಂಬಿಟ್ಟ ಡೀಫಾಲ್ಟ್ ತಾರೀಕು, ಅಷ್ಟೇ.

ಹಾಗಾದ್ರೆ ಮಿಂಟ್‌ಲಿ 2012 ಯಾಕೆ ಬರಲ್ಲ, ನಾಲ್ಕು ತಿಂಗಳ ಹಿಂದಿನ ಅದೇ ತಾರೀಕು ದಿನಾ ಯಾಕೆ ಬರುತ್ತೆ? ನಿಮ್ಮ ಪ್ರಶ್ನೇಲಿ ನಂಗೆ ಮಜಾ ಅನ್ಸಿದ್ದು ಇದೇ. ಲಿನಕ್ಸ್‌ಲಿ ಎಲ್ಲಕ್ಕಿಂತ ಮೊದಲು ಏಳೋ ಪ್ರೋಗ್ರಾಂ ಸಿಸ್ಟಮ್‌ಡಿ. ಅದಕ್ಕೆ ಒಂದು ಸಾಮಾನ್ಯ ಜ್ಞಾನ ಇದೆ, ನಾನು ತಯಾರಾದ ದಿನಕ್ಕಿಂತ ಹಿಂದಿನ ತಾರೀಕು ಇವತ್ತು ಆಗಿರೋಕೆ ಸಾಧ್ಯವೇ ಇಲ್ಲ ಅಂತ. ಹಾಗೇ ಹಿಂದೆ ಯಾವಾಗ್ಲೋ ನೆಟ್‌ನಿಂದ ಟೈಮ್ ಸಿಂಕ್ ಆಗಿದ್ರೆ ಅದರ ಗುರುತು ಒಂದು ಖಾಲಿ ಫೈಲ್‌ನ ತಾರೀಕಿನ ರೂಪದಲ್ಲಿ ಡಿಸ್ಕ್‌ಲಿ ಉಳಿದಿರುತ್ತೆ, ಅದಕ್ಕಿಂತ ಹಿಂದಕ್ಕೂ ಬಿಡಲ್ಲ. ಆರ್‌ಟಿಸಿ 2012 ಅಂದ್ರೆ, ಹೋಗೋ ಸುಳ್ಳೇ ಅಂತ ಈ ಗುರುತಿನ ತಾರೀಕಿಗೆ ತಂದು ನಿಲ್ಸುತ್ತೆ. ಈಗ ಲೆಕ್ಕ ಹಾಕಿ, ನೀವು ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿದ್ದು ಯಾವಾಗ? ನನ್ನ ಅಂದಾಜು ಸರಿ ಇದ್ರೆ ದಿನಾ ಬೆಳಿಗ್ಗೆ ನಿಮಗೆ ಕಾಣೋ ಆ ತಾರೀಕಿನ ಆಸುಪಾಸಲ್ಲೇ. ಅವತ್ತಿಂದ ಆ ಗುರುತನ್ನ ಮುಂದಕ್ಕೆ ಸರಿಸೋರು ಯಾರೂ ಇಲ್ಲ.

ಸರಿ, ತಾರೀಕು ತಪ್ಪಾದ್ರೆ ಗೂಗಲ್‌ಗೇನು ಕಷ್ಟ, ಉಳಿದ ಸೈಟ್ ಯಾಕೆ ಓಪನ್ ಆಗುತ್ತೆ ಅಂತ ಕೇಳ್ತೀರಿ. ಈಗ ಹೆಚ್ಚೂಕಮ್ಮಿ ಎಲ್ಲ ಸೈಟ್ ಎಚ್‌ಟಿಟಿಪಿಎಸ್ ಮೇಲೆ ನಡೆಯೋದು, ಅಂದ್ರೆ ಸೈಟು ತನ್ನ ಗುರುತಿನ ಪತ್ರ ತೋರಿಸ್ಬೇಕು, ಅದನ್ನ ಸರ್ಟಿಫಿಕೇಟ್ ಅಂತಾರೆ, ಅದರ ಮೇಲೆ ಈ ತಾರೀಕಿಂದ ಈ ತಾರೀಕಿನವರೆಗೆ ಅಂತ ಬರೆದಿರುತ್ತೆ, ಬಸ್ ಪಾಸ್ ಇದ್ದ ಹಾಗೆ. ಬ್ರೌಸರ್ ನಿಮ್ಮ ಕಂಪ್ಯೂಟರ್‌ನ ತಾರೀಕು ನೋಡಿ ಪಾಸ್ ಚೆಕ್ ಮಾಡುತ್ತೆ. ಗೂಗಲ್‌ನವ್ರ ಸರ್ಟಿಫಿಕೇಟ್ ಮೂರು ತಿಂಗಳೂ ಇರಲ್ಲ, ಅಷ್ಟರಲ್ಲಿ ಹೊಸದು ಮಾಡ್ತಾರೆ. ಪುಕ್ಕಟೆ ಸಿಗೋ ಲೆಟ್ಸ್ ಎನ್‌ಕ್ರಿಪ್ಟ್‌ದು 90 ದಿನ, ಲಕ್ಷಾಂತರ ಸೈಟ್‌ಗಳು ಅದನ್ನೇ ಹಾಕ್ಕೊಂಡಿರೋದು. ನಿಮ್ಮ ಗಡಿಯಾರ ನಾಲ್ಕು ತಿಂಗಳು ಹಿಂದೆ ಇದೆ, ಇವತ್ತು ಚಾಲ್ತೀಲಿರೋ 90 ದಿನದ ಸರ್ಟಿಫಿಕೇಟ್ ಒಂದೂ ಆ ತಾರೀಕಿಗೆ ಹುಟ್ಟೇ ಇರ್ಲಿಲ್ಲ! ಒಂದು ವರ್ಷದ ಸರ್ಟಿಫಿಕೇಟ್ ಇಟ್ಕೊಂಡಿರೋ ಸೈಟ್, ಅದೂ ಆರೇಳು ತಿಂಗಳ ಹಿಂದೆ ಮಾಡಿಸಿದ್ದು, ಅದಕ್ಕೆ ತೊಂದ್ರೆ ಇಲ್ಲ, ಆರಾಮಾಗಿ ಓಪನ್ ಆಗುತ್ತೆ. ಕೆಲವು ಬರ್ತವೆ ಕೆಲವು ಬರಲ್ಲ ಅನ್ನೋದ್ರ ಗುಟ್ಟು ಇಷ್ಟೇ, ಇದಕ್ಕೆ ನೆಟ್ ಸ್ಪೀಡೂ ಕಾರಣ ಅಲ್ಲ ಸಿಗ್ನಲ್ಲೂ ಕಾರಣ ಅಲ್ಲ. ಅಂದಹಾಗೆ ಒಂದು ವರ್ಷ ಬಾಳೋ ಸರ್ಟಿಫಿಕೇಟ್‌ಗಳ ಕಾಲ ಮುಗೀತಾ ಬಂತು, 2029ರ ಮಾರ್ಚ್ ಹೊತ್ತಿಗೆ ಹೆಚ್ಚೆಂದ್ರೆ 47 ದಿನ ಅಂತ ನಿಯಮ ಆಗಿದೆ, ಆಗ ಗಡಿಯಾರ ಎರಡು ತಿಂಗಳು ಹಿಂದಿದ್ರೂ ಸಾಕು ಎಲ್ಲಾ ಸೈಟೂ ಬಂದ್.

ಫೈರ್‌ಫಾಕ್ಸ್ ಆ ಎರರ್ ಪೇಜ್‌ಲಿ ನಿಮ್ಮ ಕಂಪ್ಯೂಟರ್ ಪ್ರಕಾರ ಇವತ್ತು ಇಂಥ ತಾರೀಕು ಅಂತ ಬರೆದೇ ಇರುತ್ತೆ ಎಷ್ಟೋ ಸಲ, ಕ್ರೋಮ್ ಅಂತೂ ನಿಮ್ಮ ಗಡಿಯಾರ ಹಿಂದಿದೆ ಅಂತ ದಪ್ಪಕ್ಷರದಲ್ಲಿ ಹೇಳುತ್ತೆ, ನಾವು ಕೆಂಪು ಬಣ್ಣ ನೋಡಿದ ಕೂಡ್ಲೇ ಮುಚ್ಚಿಬಿಡ್ತೀವಿ. ಒಂದು ಮಾತ್ರ ನೆನಪಿರ್ಲಿ, ಅಲ್ಲಿ ಅಡ್ವಾನ್ಸ್ಡ್ ಒತ್ತಿ ರಿಸ್ಕ್ ಒಪ್ಕೊಂಡು ಮುಂದೆ ಹೋಗೋ ಬಟನ್ ಕೆಲವು ಸೈಟ್‌ಗಳಿಗೆ ಇರುತ್ತೆ, ಅದನ್ನ ಒತ್ತಬೇಡಿ, ಒಂದ್ಸಲ ಅಭ್ಯಾಸ ಆಯ್ತು ಅಂದ್ರೆ ನಾಳೆ ನಿಜವಾದ ಕಳ್ಳ ಸೈಟ್ ಬಂದಾಗ್ಲೂ ಒತ್ತುತೀರಿ.

ಮತ್ತೆ ವೈಫೈ ಐಕಾನ್ ಯಾಕೆ ಎಲ್ಲಾ ಸರಿ ಅಂತ ತೋರ್ಸುತ್ತೆ ಅಂದ್ರೆ ಅದಕ್ಕೆ ಗೊತ್ತಿರೋದು ರೂಟರ್ ಜೊತೆ ಕೈ ಕುಲುಕಿ ಐಪಿ ಅಡ್ರೆಸ್ ಸಿಕ್ತು ಅನ್ನೋದು ಮಾತ್ರ. ಉಬುಂಟು ಥರದ ಲಿನಕ್ಸ್‌ಗಳು ಅದರ ಮೇಲೆ ನಿಜವಾಗ್ಲೂ ನೆಟ್ ಇದೆಯಾ ಅಂತ ಒಂದು ಪುಟ ತರಿಸಿ ನೋಡ್ತವೆ, ಆದ್ರೆ ಅದನ್ನ ತರ್ಸೋದು ಬರೀ ಎಚ್‌ಟಿಟಿಪಿ ಮೇಲೆ, ಸರ್ಟಿಫಿಕೇಟ್ ಇಲ್ಲ, ತಾರೀಕಿನ ಗೊಡವೆ ಇಲ್ಲ, ಹಾಗಾಗಿ ಅದೂ ಪಾಸ್. ಅಂಗಡಿಯವ್ರು ಪಾಪ ಐಕಾನ್ ನೋಡಿದ್ರು, ಸೈಟ್ ಬರ್ಲಿಲ್ಲ, ಡಾಂಗಲ್ ಅಂದ್ರು.

ಈಗ ಕೆಲಸಕ್ಕೆ ಬರೋಣ. ಕಮಾಂಡ್‌ಗಳನ್ನ ಇಲ್ಲಿ ಕನ್ನಡದಲ್ಲೇ ಬರೀತೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ, ಮಗಳು ಪಕ್ಕದಲ್ಲಿದ್ರೆ ಇನ್ನೂ ಒಳ್ಳೇದು. ಟರ್ಮಿನಲ್ ತೆಗೆದು ಟೈಮ್‌ಡೇಟ್‌ಸಿಟಿಎಲ್ ಅಂತ ಹೊಡೀರಿ, ಟೈಮ್, ಡೇಟ್, ಆಮೇಲೆ ಸಿ ಟಿ ಎಲ್, ಮಧ್ಯೆ ಎಲ್ಲೂ ಸ್ಪೇಸ್ ಬೇಡ. ಏಳು ಸಾಲು ಬರುತ್ತೆ. ಲೋಕಲ್ ಟೈಮ್, ಯೂನಿವರ್ಸಲ್ ಟೈಮ್, ಆರ್‌ಟಿಸಿ ಟೈಮ್, ಆಮೇಲೆ ಟೈಮ್ ಝೋನ್, ಅಲ್ಲಿ ಏಷ್ಯಾ ಕೋಲ್ಕತಾ ಅಂತ ಇರ್ಬೇಕು, ಬೆಂಗಳೂರು ಹುಡುಕ್ಬೇಡಿ, ಇಡೀ ದೇಶಕ್ಕೆ ಅದೊಂದೇ ಹೆಸರು. ಆಮೇಲೆ ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್, ನಿಮ್ಮದ್ರಲ್ಲಿ ನೋ ಅಂತ ಇರುತ್ತೆ, ಎನ್‌ಟಿಪಿ ಸರ್ವಿಸ್, ಅಂದ್ರೆ ನೆಟ್‌ನಿಂದ ಟೈಮ್ ತರೋದು, ಇನ್‌ಆಕ್ಟಿವ್ ಅಂತ ಇರುತ್ತೆ. ಕೊನೇ ಸಾಲು ಆರ್‌ಟಿಸಿ ಇನ್ ಲೋಕಲ್ ಟಿಝೆಡ್, ಅದು ನೋ. ಈ ಏಳು ಸಾಲಲ್ಲಿ ನಿಮ್ಮ ಮೂರೂ ರೋಗದ ಜಾತಕ ಇದೆ.

ಟೈಮ್ ಮುಟ್ಟೋ ಮುಂಚೆ ನೆಟ್ ನಿಜವಾಗ್ಲೂ ಇದೆ ಅಂತ ನಿಮಗೇ ಖಾತ್ರಿ ಆಗ್ಲಿ, ಎರಡು ನಿಮಿಷದ ಕೆಲಸ. ಐಪಿ ರೂಟ್ ಅಂತ ಹೊಡೀರಿ, ಐಪಿ ಆದ್ಮೇಲೆ ಸ್ಪೇಸ್ ಬಿಟ್ಟು ರೂಟ್. ಡೀಫಾಲ್ಟ್ ವಯಾ ಅಂತ ಇರೋ ಸಾಲಲ್ಲಿ 192.168.1.1 ಥರದ ನಂಬರ್ ಇರುತ್ತೆ, ಅದೇ ನಿಮ್ಮ ರೂಟರ್. ಅದಕ್ಕೆ ಪಿಂಗ್ ಮಾಡಿ, ಅಂದ್ರೆ ಪಿಂಗ್ ಅಂತ ಹೊಡೆದು ಸ್ಪೇಸ್ ಬಿಟ್ಟು ಆ ನಂಬರ್ ಕೊಡಿ. ಉತ್ತರ ಬಂದ್ರೆ ವೈಫೈ ಡಾಂಗಲ್ ಡ್ರೈವರ್ ಎಲ್ಲಾ ಸರಿ ಇದೆ ಅಂತಾಯ್ತು. ಆಮೇಲೆ 8.8.8.8ಗೆ ಪಿಂಗ್ ಮಾಡಿ, ಉತ್ತರ ಬಂದ್ರೆ ರೂಟರ್ ಆಚೆ ಫೈಬರ್ ಲೈನೂ ಸರಿ ಇದೆ. ಆಮೇಲೆ ನಂಬರ್ ಬದಲು ಯಾವುದಾದ್ರೂ ಸೈಟ್ ಹೆಸರಿಗೆ ಪಿಂಗ್ ಮಾಡಿ, ಹೋದ್ರೆ ಡಿಎನ್‌ಎಸ್ ಸರಿ, ಅಂದ್ರೆ ಹೆಸರನ್ನ ನಂಬರ್ ಮಾಡೋ ಕೆಲಸ ನಡೀತಿದೆ. ಈ ಮೂರೂ ಪಿಂಗ್‌ಗೆ ಗಡಿಯಾರ ಸರಿ ಇರ್ಬೇಕು ಅಂತೇನಿಲ್ಲ. ಮೂರೂ ಹೋಗಿ ಬ್ರೌಸರ್‌ಲಿ ಮಾತ್ರ ಬರಲ್ಲ ಅಂದ್ರೆ ನಾನಂತೂ ಮೊದಲು ಟಾಸ್ಕ್‌ಬಾರ್ ಮೂಲೆಯ ಗಡಿಯಾರ ಒತ್ತಿ ತಾರೀಕು ನೋಡ್ತೀನಿ. ಒಂದು ವೇಳೆ ಮೊದಲನೇದೇ ಹೋಗದೆ ನಿಮ್ಮ ಐಪಿ 169.254 ಅಂತ ಶುರುವಾಗಿದ್ರೆ ರೂಟರ್ ಅಡ್ರೆಸ್ಸೇ ಕೊಟ್ಟಿಲ್ಲ ಅಂತ, ಆಗ ವೈಫೈ ಕಡೆ ನೋಡ್ಬೇಕು, ನಿಮಗೆ ಅದು ಬೇಕಾಗಲ್ಲ.

ಈಗ ಆಟೋಮ್ಯಾಟಿಕ್ ವಾಪಸ್ ಆನ್ ಮಾಡಿ. ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ ಅಂತ ಹೊಡೀರಿ (ಸುಡೋ ಅಂದ್ರೆ ಅಡ್ಮಿನ್ ಆಗಿ ಮಾಡು ಅಂತ, ಪಾಸ್‌ವರ್ಡ್ ಕೇಳುತ್ತೆ), ಇಲ್ಲಾ ಮಿಂಟ್‌ನ ಡೇಟ್ ಅಂಡ್ ಟೈಮ್ ಸೆಟ್ಟಿಂಗ್ಸ್‌ಲಿ ನೆಟ್‌ವರ್ಕ್ ಟೈಮ್ ಅನ್ನೋ ಬಟನ್ ಆನ್ ಮಾಡಿ, ಎರಡೂ ಒಂದೇ. ಅರ್ಧ ನಿಮಿಷ ಒಂದು ನಿಮಿಷದೊಳಗೆ ತಾರೀಕು ಇವತ್ತಿಗೆ ಹಾರಿ ಬರ್ಬೇಕು. ಬಂದ್ರೆ ಗೂಗಲ್ ಓಪನ್ ಮಾಡಿ ನೋಡಿ, ಅಲ್ಲೇ ಬರುತ್ತೆ, ರೀಸ್ಟಾರ್ಟೂ ಬೇಡ.

ಈ ಕೆಲಸ ಮಾಡೋದು ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಅನ್ನೋ ಪುಟ್ಟ ಸರ್ವಿಸ್. ಇದು ನೆಟ್‌ಲಿರೋ ಟೈಮ್ ಸರ್ವರ್‌ನ ಕೇಳುತ್ತೆ, ಮಿಂಟು ಉಬುಂಟು ಮೇಲೆ ಕಟ್ಟಿರೋದ್ರಿಂದ ಉಬುಂಟುದೇ ಸರ್ವರ್. ಕೇಳೋ ಭಾಷೆಗೆ ಎನ್‌ಟಿಪಿ ಅಂತಾರೆ, ಡೇವಿಡ್ ಮಿಲ್ಸ್ ಅನ್ನೋ ಅಮೆರಿಕದ ಪ್ರೊಫೆಸರ್ ಮಾಡಿದ್ದು, ಮೊದಲ ದಸ್ತಾವೇಜು ಬಂದಿದ್ದು 1985ರಲ್ಲಿ, ಅವರು 2024ರ ಜನವರೀಲಿ ತೀರ್ಕೊಂಡ್ರು, ಅವರು ಹಾಕಿದ ಬುನಾದಿ ಮೇಲೇ ಇವತ್ತಿಗೂ ಇಡೀ ಇಂಟರ್ನೆಟ್ಟಿನ ಟೈಮ್ ನಿಂತಿದೆ. ಸಾಗರದಿಂದ ಸರ್ವರ್‌ಗೆ ಹೋಗಿ ಬರೋಕೇ ಟೈಮ್ ಹಿಡಿಯುತ್ತಲ್ಲ, ಬರೋ ಅಷ್ಟರಲ್ಲಿ ಆ ಟೈಮ್ ಹಳೇದಾಗಿರುತ್ತಲ್ಲ ಅಂತ ನಿಮ್ಮ ಹತ್ತನೇ ಕ್ಲಾಸ್ ಹುಡುಗರು ಕೇಳಬಹುದು, ಕೇಳಿದ್ರೆ ಭೇಷ್ ಅನ್ನಿ. ನಿಮ್ಮ ಕಂಪ್ಯೂಟರ್ ಕಳ್ಸಿದ ಟೈಮ್, ಸರ್ವರ್‌ಗೆ ತಲುಪಿದ ಟೈಮ್, ಸರ್ವರ್ ವಾಪಸ್ ಕಳ್ಸಿದ ಟೈಮ್, ನಿಮಗೆ ತಲುಪಿದ ಟೈಮ್, ಹೀಗೆ ನಾಲ್ಕು ಗುರುತು ಹಾಕ್ಕೊಂಡು ದಾರೀಲಿ ಕಳೆದಿದ್ದೆಷ್ಟು ಅಂತ ತೆಗೆದು ಅದರ ಅರ್ಧ ಹೋಗೋಕೆ ಅರ್ಧ ಬರೋಕೆ ಅಂತ ಹಿಡೀತಾರೆ. ಹೋಗಿ ಬರೋಕೆ 200 ಮಿಲಿಸೆಕೆಂಡ್ ಆದ್ರೆ 100 ಕೂಡಿಸ್ಕೊಳ್ಳೋದು. ಹೋಗೋ ದಾರಿ ಬರೋ ದಾರಿ ಸಮ ಇಲ್ಲಾಂದ್ರೆ ಸ್ವಲ್ಪ ತಪ್ಪಾಗುತ್ತೆ, ಮನೆ ಕಂಪ್ಯೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಎರಡು ನಿಮಿಷ ಆದ್ರೂ ತಾರೀಕು ಹಾರ್ಲಿಲ್ಲ ಅಂದ್ರೆ ಟೈಮ್‌ಡೇಟ್‌ಸಿಟಿಎಲ್ ಟೈಮ್‌ಸಿಂಕ್-ಸ್ಟೇಟಸ್ ಅಂತ ನೋಡಿ, ಪ್ಯಾಕೆಟ್ ಕೌಂಟ್ ಸೊನ್ನೆ ಇದ್ರೆ ಸರ್ವರ್‌ನಿಂದ ಒಂದು ಉತ್ತರವೂ ಬಂದಿಲ್ಲ. ಎನ್‌ಟಿಪಿ ಹೋಗೋದು ಯುಡಿಪಿ ಪೋರ್ಟ್ 123 ಮೇಲೆ. ಮನೆ ಫೈಬರ್‌ಲಿ ಇದನ್ನ ಸಾಮಾನ್ಯವಾಗಿ ಯಾರೂ ತಡೆಯಲ್ಲ, ಆದ್ರೆ ಶಾಲೆ, ಕಾಲೇಜು, ಹಾಸ್ಟೆಲ್, ಆಫೀಸ್‌ಗಳಲ್ಲಿ ಫೈರ್‌ವಾಲ್ ಹಾಕಿದವ್ರು ವೆಬ್‌ಗೆ ಬೇಕಾದ 80 ಮತ್ತೆ 443 ಬಿಟ್ಟು ಉಳಿದದ್ದೆಲ್ಲ ಮುಚ್ಚಿಬಿಡ್ತಾರೆ. ನಾನು ಒಂದು ಕಾಲೇಜ್ ಲ್ಯಾಬ್‌ಲಿ ಇದೇ ವಿಷಯಕ್ಕೆ ಎರಡು ದಿನ ಹಾಳು ಮಾಡ್ಕೊಂಡಿದೀನಿ, ಸರ್ವರ್ ಹೆಸರು ಬದಲಾಯಿಸಿದ್ದೇ ಬದಲಾಯಿಸಿದ್ದು, ಮೂರನೇ ದಿನ ಒಬ್ಬ ಹುಡುಗ ತನ್ನ ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟ ನೋಡಿ, ಕೇಬಲ್ ಹಾಕಿದ ಅರ್ಧ ನಿಮಿಷಕ್ಕೆ ಟೈಮ್ ಸಿಂಕ್ ಆಗಿ ಕೂತಿತ್ತು. ಅವತ್ತಿಂದ ನಾನು ಮಾಡೋ ಮೊದಲ ಪರೀಕ್ಷೆನೇ ಅದು. ಮೊಬೈಲ್ ನೆಟ್‌ಲಿ ಸಿಂಕ್ ಆಯ್ತು, ರೂಟರ್ ನೆಟ್‌ಲಿ ಆಗ್ಲಿಲ್ಲ ಅಂದ್ರೆ ಕಂಪ್ಯೂಟರ್ ಮುಟ್ಟೋದೇ ಬೇಡ, ನೆಟ್‌ವರ್ಕ್ ನೋಡ್ಕೊಳ್ಳೋರ ಹತ್ರ ಪೋರ್ಟ್ 123 ಬಿಡಿ ಅಂತ ಕೇಳಿ, ಇಲ್ಲಾ ಅವರ ಒಳಗಿನ ಟೈಮ್ ಸರ್ವರ್ ಅಡ್ರೆಸ್ ತಗೊಳ್ಳಿ.

ನಿಮ್ಮ ಶಾಲೆಯ ಕಂಪ್ಯೂಟರ್‌ಗೆ ಹಾಗೆ ಅಡ್ರೆಸ್ ಬದಲಾಯಿಸ್ಬೇಕಾದ್ರೆ ಇಟಿಸಿ ಫೋಲ್ಡರ್ ಒಳಗೆ ಸಿಸ್ಟಮ್‌ಡಿ ಫೋಲ್ಡರ್, ಅದ್ರಲ್ಲಿ ಟೈಮ್‌ಸಿಂಕ್‌ಡಿ ಡಾಟ್ ಕಾನ್ಫ್ ಅನ್ನೋ ಫೈಲ್, ಅದ್ರಲ್ಲಿ ಎನ್‌ಟಿಪಿ ಅಂತ ಶುರುವಾಗೋ ಸಾಲಿನ ಮುಂದಿನ ಹ್ಯಾಶ್ ತೆಗೆದು ಸರ್ವರ್ ಹೆಸರು ಹಾಕಿ ಸರ್ವಿಸ್ ರೀಸ್ಟಾರ್ಟ್ ಕೊಡ್ಬೇಕು. ನಮ್ಮ ದೇಶದ್ದೇ ಬೇಕು ಅಂದ್ರೆ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಇದೆ, ಭಾರತೀಯ ಕಾಲಮಾನ ಕಾಯೋದೇ ಅವರ ಕೆಲಸ, ಅವರ ಟೈಮ್ ಸರ್ವರ್ ಎಲ್ಲರಿಗೂ ತೆರೆದಿದೆ. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯವ್ರದು ಸಮಯ್ 1, ಸಮಯ್ 2 ಅಂತ ಇದೆ, ಹೆಸರು ಚೆನ್ನಾಗಿದೆ ಅಲ್ವಾ. 2022ರ ಏಪ್ರಿಲ್‌ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಆದೇಶ ಬಂದ್ಮೇಲೆ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳೆಲ್ಲ ಈ ಎರಡು ಸಂಸ್ಥೆಗಳಲ್ಲಿ ಒಂದರ ಸರ್ವರ್ ಜೊತೆ ಇಲ್ಲಾ ಇವಕ್ಕೆ ಹೊಂದೋ ಸರ್ವರ್ ಜೊತೆ ಗಡಿಯಾರ ಹೊಂದಿಸ್ಬೇಕು ಅಂತಾಗಿದೆ. ಮನೆ ಕಂಪ್ಯೂಟರ್‌ಗೆ ಡೀಫಾಲ್ಟ್ ಇದ್ದದ್ದೇ ಇರ್ಲಿ, ಸುಮ್ಮನೆ ಕೆದಕಬೇಡಿ.

ಹಳೇ ವಿಡಿಯೋಗಳಲ್ಲಿ ಎನ್‌ಟಿಪಿ ಅನ್ನೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಅಂತಾರೆ. ಬೇಡ. ಆ ಹಳೇ ಎನ್‌ಟಿಪಿಡಿನ ಮೈನಸ್ ಜಿ ಅನ್ನೋ ಆಪ್ಷನ್ ಇಲ್ದೆ ಓಡಿಸಿದ್ರೆ, ಟೈಮ್ 1000 ಸೆಕೆಂಡಿಗಿಂತ ಜಾಸ್ತಿ ತಪ್ಪಿದಾಗ, ನನ್ನ ಕೈಲಾಗಲ್ಲ ಅಂತ ನಿಂತೇಹೋಗುತ್ತೆ, ನಿಮ್ಮದು ನಾಲ್ಕು ತಿಂಗಳು. ಬೇಕೇ ಬೇಕು ಅಂದ್ರೆ ಕ್ರೋನಿ ಅನ್ನೋ ಟೈಮ್ ಸರ್ವಿಸ್ ಹಾಕ್ಕೊಳ್ಳಿ, ಫೆಡೋರಾ ಅನ್ನೋ ಲಿನಕ್ಸ್‌ಲಿ ಅದೇ ಇರೋದು, ಉಬುಂಟು 25.10ರಲ್ಲೂ ಅದಕ್ಕೇ ಬದಲಾಯಿಸಿದಾರೆ, ಒಳ್ಳೇ ಸಾಮಾನು. ಎರಡು ಟೈಮ್ ಸರ್ವಿಸ್ ಒಟ್ಟಿಗೆ ಮಾತ್ರ ಓಡಿಸ್ಬೇಡಿ, ಒಂದು ಎಮ್ಮೆಗೆ ಇಬ್ರು ಹಗ್ಗ ಹಿಡಿದ ಹಾಗಾಗುತ್ತೆ.

ನೆಟ್ಟೇ ಟೈಮ್ ಕೊಡ್ದೇ ಇದ್ರೆ ಕೈಯಲ್ಲೇ ಸೆಟ್ ಮಾಡ್ಬಹುದು, ಆದ್ರೆ ಬರೀ ಗಂಟೆ ನಿಮಿಷ ಅಲ್ಲ, ವರ್ಷ ತಿಂಗಳು ದಿನ ಮೊದಲು ನೋಡಿ. ಗಂಟೆ ಸರಿ ಇದೆ ತಾರೀಕು ಹಳೇದು ಅನ್ನೋ ಕಂಪ್ಯೂಟರ್‌ಗಳನ್ನ ನಾನು ಸಾಕಷ್ಟು ನೋಡಿದೀನಿ, ಟಾಸ್ಕ್‌ಬಾರ್‌ಲಿ ಗಂಟೆ ಮಾತ್ರ ಕಾಣೋದ್ರಿಂದ ಮೋಸ ಹೋಗ್ತೀವಿ. ಆಟೋಮ್ಯಾಟಿಕ್ ಆನ್ ಇದ್ದಾಗ ಸೆಟ್-ಟೈಮ್ ಕೊಟ್ರೆ ಆಗಲ್ಲ ಅಂತ ಎರರ್ ಬರುತ್ತೆ, ಗಾಬರಿ ಬೇಡ, ಆಫ್ ಮಾಡಿ, ಸೆಟ್ ಮಾಡಿ, ಮತ್ತೆ ಆನ್ ಮಾಡಿ.

ಇನ್ನೊಂದು ಸುಳಿ ಇದೆ, ನಿಮಗಲ್ಲ, ಇದನ್ನ ಓದ್ತಿರೋ ಬೇರೆಯವ್ರಿಗೆ. ಪ್ರೈವಸಿ ಅಂತ ಡಿಎನ್‌ಎಸ್ ಓವರ್ ಟಿಎಲ್‌ಎಸ್, ಅಂದ್ರೆ ಡಿಎನ್‌ಎಸ್‌ನೂ ಸರ್ಟಿಫಿಕೇಟ್ ನೋಡಿ ಗುಟ್ಟಾಗಿ ಕೇಳೋದನ್ನ, ಕಡ್ಡಾಯ ಮಾಡ್ಕೊಂಡಿದ್ರೆ ಟೈಮ್ ತಪ್ಪಿದ ದಿನ ಡಿಎನ್‌ಎಸ್ ಸರ್ವರ್‌ನ ಸರ್ಟಿಫಿಕೇಟೂ ಫೇಲ್, ಹೆಸರು ನಂಬರ್ ಆಗಲ್ಲ, ಟೈಮ್ ಸರ್ವರ್ ಹೆಸರೂ ಸಿಗಲ್ಲ, ಟೈಮ್ ಸರಿ ಆಗಲ್ಲ, ಟೈಮ್ ಸರಿ ಆಗ್ದೆ ಡಿಎನ್‌ಎಸ್ ಬರಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನೋ ಕಥೆ. ಇದಕ್ಕೆ ಟೈಮ್ ಸರ್ವರ್ ಜಾಗದಲ್ಲಿ ಹೆಸರಿನ ಜೊತೆ ಒಂದು ನಂಬರೂ ಹಾಕಿಡಿ, ಕ್ಲೌಡ್‌ಫ್ಲೇರ್‌ದು 162.159.200.1, ನಂಬರ್‌ಗೆ ಡಿಎನ್‌ಎಸ್ ಬೇಕಿಲ್ಲ, ಎನ್‌ಟಿಪಿಗೆ ಸರ್ಟಿಫಿಕೇಟೂ ಬೇಕಿಲ್ಲ, ಗಂಟು ಬಿಚ್ಚುತ್ತೆ.

ಈಗ ಐದೂವರೆ ಗಂಟೆ ವಿಷಯ. ವಿಂಡೋಸ್ ಆರ್‌ಟಿಸಿಯಲ್ಲಿ ನಮ್ಮ ಊರಿನ ಟೈಮೇ ಬರೆದಿಡುತ್ತೆ. ಲಿನಕ್ಸ್ ಅಲ್ಲಿ ಇರೋದು ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆದ ಮೂಲ ಟೈಮ್, ಅಂತ ಹಿಡಿದು, ಅದಕ್ಕೆ ಭಾರತದ ಐದೂವರೆ ಗಂಟೆ ಕೂಡಿಸಿ ತೋರ್ಸುತ್ತೆ. ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ಹತ್ತು ಅಂತ ಬರೀತು, ಲಿನಕ್ಸ್ ಅದನ್ನ ನೋಡಿ ಮಧ್ಯಾಹ್ನ ಮೂರೂವರೆ ಅಂತು. ಲಿನಕ್ಸ್‌ಲಿ ಸರಿ ಮಾಡಿದ್ರೆ ಅದು ಆರ್‌ಟಿಸಿಯಲ್ಲಿ ನಾಲ್ಕೂವರೆ ಅಂತ ಬರೆದಿಡುತ್ತೆ, ಆಮೇಲೆ ವಿಂಡೋಸ್‌ಗೆ ಹೋದ್ರೆ ಬೆಳಗಿನ ಜಾವ. ಇಬ್ಬರಲ್ಲಿ ಒಬ್ಬರು ಬಗ್ಗಬೇಕು.

ಲಿನಕ್ಸ್‌ನ ಬಗ್ಗಿಸೋದು ಸುಲಭ, ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಅಂದ್ರೆ ಮುಗೀತು. ಆದ್ರೆ ಇದನ್ನ ಕೊಟ್ಮೇಲೆ ಟೈಮ್‌ಡೇಟ್‌ಸಿಟಿಎಲ್ ಬರೀ ಹೊಡೆದ್ರೆ ಕೆಳಗೆ ಒಂದು ಎಚ್ಚರಿಕೆ ಬರುತ್ತೆ, ಬೇಸಿಗೆ ಕಾಲಕ್ಕೆ ಗಂಟೆ ಬದಲಾಯಿಸೋ ದೇಶಗಳಲ್ಲಿ ತೊಂದ್ರೆ ಆಗುತ್ತೆ ಅಂತ, ನಮ್ಮಲ್ಲಿ ಆ ಪದ್ಧತಿ ಇಲ್ಲ ಹಾಗಾಗಿ ಅದು ಬಿಡಿ. ನಂಗೆ ಇಷ್ಟ ಆಗ್ದೇ ಇರೋದು ಅದೇ ಎಚ್ಚರಿಕೆಯ ಇನ್ನೊಂದು ಸಾಲು, ಈ ಮೋಡ್‌ಲಿ ಲಿನಕ್ಸ್ ಆರ್‌ಟಿಸಿನ ತಾನಾಗಿ ಅಪ್‌ಡೇಟ್ ಮಾಡಲ್ಲ. ಮಾಮೂಲಿ ಮೋಡ್‌ಲಿ ಟೈಮ್ ಸಿಂಕ್ ಆಗಿದ್ದಾಗ ಕರ್ನಲ್ ಸುಮಾರು 11 ನಿಮಿಷಕ್ಕೊಮ್ಮೆ ಸರಿಯಾದ ಟೈಮನ್ನ ಆರ್‌ಟಿಸಿಗೆ ಬರೀತಾ ಇರುತ್ತೆ, ಆ ಅನುಕೂಲ ಹೋಗುತ್ತೆ. ನೀವು ಹೆಚ್ಚು ಇರೋದು ಮಿಂಟ್‌ಲಿ, ವಿಂಡೋಸ್ ಬರೀ ನುಡಿ ಫೈಲ್‌ಗೆ ಅಂತೀರಿ, ಹಾಗಾಗಿ ವಿಂಡೋಸನ್ನೇ ಬಗ್ಗಿಸಿ. ವಿಂಡೋಸ್‌ಲಿ ರಿಜಿಸ್ಟ್ರಿ ಎಡಿಟರ್ ತೆಗೆದು ಎಚ್‌ಕೀ ಲೋಕಲ್ ಮೆಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟೈಮ್ ಝೋನ್ ಇನ್ಫರ್ಮೇಶನ್ ಅಂತ ಒಂದರೊಳಗೊಂದು ಹೋಗಿ, ಅಲ್ಲಿ ಡಿವರ್ಡ್ ಅನ್ನೋ ಥರದ ವ್ಯಾಲ್ಯೂ ಒಂದು ಹೊಸದಾಗಿ ಮಾಡಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಅಂತ ಸ್ಪೇಸ್ ಇಲ್ದೆ ಹೆಸರಿಟ್ಟು ಬೆಲೆ 1 ಕೊಡಿ, ರೀಸ್ಟಾರ್ಟ್ ಮಾಡಿ. ಎರಡನ್ನೂ ಮಾತ್ರ ಮಾಡ್ಬೇಡಿ, ಇಬ್ರೂ ಬಗ್ಗಿದ್ರೆ ಮತ್ತೆ ಅದೇ ಐದೂವರೆ ಗಂಟೆ, ಈ ಸಲ ತಲೆಕೆಳಗಾಗಿ.

ಅಲ್ಲೇ ಇರೋವಾಗ ವಿಂಡೋಸ್‌ನ ಪವರ್ ಆಪ್ಷನ್ಸ್‌ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡ್ಬಿಡಿ. ಅದು ಆನ್ ಇದ್ರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಅರೆನಿದ್ದೆಗೆ ಹೋಗುತ್ತೆ, ಡಿಸ್ಕ್ ಪಾರ್ಟಿಶನ್ ಲಾಕ್ ಆಗಿರುತ್ತೆ, ಕೆಲವು ವೈಫೈ ಮತ್ತೆ ಲ್ಯಾನ್ ಚಿಪ್‌ಗಳು ಆ ಸ್ಥಿತೀಲೇ ಸಿಕ್ಕಾಕ್ಕೊಂಡು ಲಿನಕ್ಸ್ ಕೈಗೆ ಸಿಗಲ್ಲ. ಡ್ಯುಯಲ್ ಬೂಟ್‌ಲಿ ವೈಫೈ ಒಂದಿನ ಇರುತ್ತೆ ಒಂದಿನ ಇರಲ್ಲ ಅನ್ನೋರು ಮೊದ್ಲು ಇದನ್ನ ನೋಡಿ.

ಕೊನೇದಾಗಿ ಸೆಲ್. ಹೆಸರು ಸಿಆರ್ 2032, 3 ವೋಲ್ಟ್, ವಾಚ್ ಅಂಗಡೀಲೂ ಸಿಗುತ್ತೆ, ನೂರು ರೂಪಾಯಿ ಒಳಗೆ. 20 ಅಂದ್ರೆ ಅಗಲ 20 ಮಿಲಿಮೀಟರ್, 32 ಅಂದ್ರೆ ದಪ್ಪ 3.2, ಅಂಗಡಿಯವ್ರು 2025 ಕೊಟ್ರೆ ಬೇಡ ಅನ್ನಿ, ತೆಳ್ಳಗಿರುತ್ತೆ, ಕ್ಲಿಪ್‌ಲಿ ಅಲ್ಲಾಡುತ್ತೆ. ತೆಗೆಯೋ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ, ಬಯಾಸ್‌ಗೆ ಹೋಗಿ ಸಾಟಾ ಮೋಡ್ ಎಎಚ್‌ಸಿಐ ಅಂತ ಇದೆಯಾ ಐಡಿಇ ಅಂತ ಇದೆಯಾ, ಬೂಟ್ ಮೋಡ್ ಯುಇಎಫ್‌ಐಯಾ ಲೆಗಸಿಯಾ ಅಂತ ಮೊಬೈಲ್‌ಲಿ ಫೋಟೋ ತೆಗೆದಿಟ್ಕೊಳ್ಳಿ. ಸೆಲ್ ತೆಗೆದಾಗ ಹಳೇ ಬೋರ್ಡ್‌ಗಳಲ್ಲಿ ಈ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ ಡೀಫಾಲ್ಟ್ ಬರುತ್ತೆ, ಸಾಟಾ ಮೋಡ್ ಬದಲಾದ್ರೆ ವಿಂಡೋಸ್ ನೀಲಿ ಸ್ಕ್ರೀನ್ ತೋರ್ಸಿ ಬೂಟೇ ಆಗಲ್ಲ, ಬೂಟ್ ಮೋಡ್ ಬದಲಾದ್ರೆ ಮಿಂಟ್ ಮೆನು ಬರಲ್ಲ, ಆಗ ಜನ ಡಿಸ್ಕ್ ಹೋಯ್ತು ಅಂತ ಅಳ್ತಾರೆ. ನಿಮ್ಮದ್ರಲ್ಲಿ ಸೆಲ್ ಸತ್ತೂ ದಿನಾ ಬೂಟ್ ಆಗ್ತಿದೆ ಅಂದ್ರೆ ಬಹುಶಃ ಡೀಫಾಲ್ಟ್‌ಲೇ ಓಡ್ತಿದೆ, ಆದ್ರೂ ಫೋಟೋ ಇರ್ಲಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕೇಸಿನ ತಗಡು ಮುಟ್ಟಿ, ಕ್ಲಿಪ್ ಸರಿಸಿದ್ರೆ ಸೆಲ್ ಎದ್ದು ಬರುತ್ತೆ, ಹೊಸದನ್ನ ಪ್ಲಸ್ ಗುರುತು ಮೇಲೆ ಮಾಡಿ ಒತ್ತಿ. ಬಯಾಸ್‌ಗೆ ಹೋಗಿ ಇವತ್ತಿನ ತಾರೀಕು ಹಾಕಿ. ಟೈಮ್ ಯುಟಿಸಿ ಹಾಕ್ಬೇಕಾ ಅಂತ ತಲೆ ಕೆಡಿಸ್ಕೋಬೇಡಿ, ತಾರೀಕು ಸರಿ ಇದ್ರೆ ಸಾಕು, ಮಿಂಟ್‌ಗೆ ಬಂದು ಸಿಂಕ್ ಆದ್ಮೇಲೆ ಸುಡೋ ಎಚ್‌ಡಬ್ಲ್ಯುಕ್ಲಾಕ್ ಅಂತ ಹೊಡೆದು ಸ್ಪೇಸ್ ಬಿಟ್ಟು ಎರಡು ಡ್ಯಾಶ್ ಹಾಕಿ ಸಿಸ್‌ಟುಎಚ್‌ಸಿ ಅಂತ ಕೊಟ್ರೆ ಸಿಸ್ಟಮ್ ಟೈಮ್ ಆರ್‌ಟಿಸಿಗೆ ಕೂತ್ಕೊಳ್ಳುತ್ತೆ, ಆ ಕಮಾಂಡ್ ನಿಮ್ಮದ್ರಲ್ಲಿ ಸಿಗ್ಲಿಲ್ಲ ಅಂದ್ರೆ ಕಾಲು ಗಂಟೆ ಹಾಗೇ ಬಿಡಿ, ಕರ್ನಲ್ ತಾನೇ ಬರೆಯುತ್ತೆ.

ರಾತ್ರಿ ಎಂದಿನ ಹಾಗೆ ಗೋಡೆ ಸ್ವಿಚ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ವೈಫೈ ಕನೆಕ್ಟ್ ಆಗೋ ಮುಂಚೆನೇ ತಾರೀಕು ನೋಡಿ, ಆಗ್ಲೇ ಸರಿ ಇದ್ರೆ ಸೆಲ್ ಕೆಲಸ ಮಾಡ್ತಿದೆ. ವೈಫೈ ಬಂದ್ಮೇಲೆ ಸರಿ ಆದ್ರೆ ಸೆಲ್ ಸರಿ ಕೂತಿಲ್ಲ, ಇಲ್ಲಾ ಅಂಗಡಿಯವ್ರು ಹಳೇ ಸ್ಟಾಕ್ ಕೊಟ್ಟಿದಾರೆ. ಸರಿಯಾದ ಸೆಲ್ ಇದ್ರೂ ಆರ್‌ಟಿಸಿ ದಿನಕ್ಕೆ ಒಂದೆರಡು ಸೆಕೆಂಡ್ ಆಚೀಚೆ ಆಗೋದು ಮಾಮೂಲು, ಅದನ್ನ ಎನ್‌ಟಿಪಿ ನೋಡ್ಕೊಳ್ಳುತ್ತೆ. ಆಮೇಲೆ ಹಳೇ ಡಾಂಗಲ್ ಹಾಕಿ ನೋಡಿ, ಖಂಡಿತ ಓಡುತ್ತೆ. ಹೊಸದಕ್ಕೆ ಬಿಲ್ ಇಸ್ಕೊಂಡಿದ್ರೆ ಈ ವಾರನೇ ವಾಪಸ್ ಕೊಟ್ಟುಬಿಡಿ ಮೇಷ್ಟ್ರೇ, ಅದೇ ಅಂಗಡೀಲಿ ಸೆಲ್ ಸಿಕ್ರೆ ತಗೊಂಡು ಬನ್ನಿ.